ಕ್ಷಯ ಗುಣವಾದ ಮೇಲೂ ಉಳಿಯುವ ದಮ್ಮು: ಶ್ವಾಸಕೋಶ ರೋಗಿಗಳ ಆರೈಕೆಯಲ್ಲಿ ಶುಶ್ರೂಷಕಿಯರ ತರಬೇತಿ ಮತ್ತು ಪಾತ್ರ

ಸಾರಾಂಶ

ಕ್ಷಯದ ಚಿಕಿತ್ಸೆ ಆರೋಗ್ಯಧಾಮದಿಂದ ಮನೆಗೆ ಬಂದು ಆರು ದಶಕ ದಾಟಿದೆ. ದೀರ್ಘಕಾಲದ ಉಸಿರಾಟದ ಕಾಯಿಲೆಗಳ ಆರೈಕೆ ಮಾತ್ರ ಬಹುಪಾಲು ಆಸ್ಪತ್ರೆಯ ಮಂಚಕ್ಕೇ ಅಂಟಿಕೊಂಡಿದೆ. ಕ್ಷಯದಲ್ಲಿ ರೂಢಿಯಾದ ಶುಶ್ರೂಷೆಯ ಕ್ರಮವನ್ನು ದಮ್ಮಿನ ರೋಗಿಗೂ ವಿಸ್ತರಿಸಬೇಕೆಂಬುದು ಈ ಲೇಖನದ ವಾದ.

1. ಸೀಮೆ ಮತ್ತು ಕಾಯಿಲೆ

ಈ ಲೇಖನ ನೋಡುವ ಸೀಮೆ ಹುಲಿಹೈದರದ ಸುತ್ತಿನದು; ಹಿಂದೆ ಗಂಗಾವತಿ ತಾಲ್ಲೂಕಿನಲ್ಲಿದ್ದ ಈ ಊರು ಈಗ ಕೊಪ್ಪಳ ಜಿಲ್ಲೆಯ ಕನಕಗಿರಿ ತಾಲ್ಲೂಕಿಗೆ ಸೇರಿದೆ. ಇಲ್ಲಿನ ಜನರ ಬಾಯಲ್ಲಿ ಎದೆಯ ಕಾಯಿಲೆ ಎಂದರೆ ಕೆಮ್ಮು-ದಮ್ಮು. ಕ್ಷಯ, ಅಸ್ತಮಾ, ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ) ಮೂರೂ ಈ ಒಂದೇ ಜೋಡುಪದದೊಳಗೆ ಅಡಗಿಬಿಡುತ್ತವೆ. ಕಾರಣಗಳಾದರೂ ಹಲವು: ಬೀಡಿ, ಕಟ್ಟಿಗೆ ಒಲೆ, ಗಂಗಾವತಿಯ ಅಕ್ಕಿ ಗಿರಣಿಗಳ ದೂಳು, ಗಿಣಿಗೇರಿ ಕಡೆಯ ಕಬ್ಬಿಣದ ಕಾರ್ಖಾನೆಗಳ ಹೊಗೆ. ಬೀಡಿ ಮುಟ್ಟದ ಹೆಂಗಸಿಗೂ ವರ್ಷಗಟ್ಟಲೆ ಒಲೆ ಮುಂದೆ ರೊಟ್ಟಿ ಸುಟ್ಟದ್ದರಿಂದಲೇ ಸಿಒಪಿಡಿ ಬರಬಹುದು. ಆದ್ದರಿಂದ 'ಬೀಡಿ ಸೇದುತ್ತೀರಾ?' ಎಂಬಷ್ಟಕ್ಕೆ ನಿಲ್ಲದೆ ಒಲೆ ಎಂಥದು, ದುಡಿಮೆ ಎಲ್ಲಿ ಎಂದು ಕೇಳುವುದೂ ಶುಶ್ರೂಷೆಯ ಭಾಗ.

2. ಕ್ಷಯದ ಪಾಠ

ಮದ್ರಾಸಿನಲ್ಲಿ 193 ರೋಗಿಗಳ ಮೇಲೆ ನಡೆದು 1959ರಲ್ಲಿ ಪ್ರಕಟವಾದ ಅಧ್ಯಯನ, ಮನೆಯಲ್ಲಿ ಕೊಟ್ಟ ಔಷಧಿ ಆರೋಗ್ಯಧಾಮದ ಚಿಕಿತ್ಸೆಗೆ ಸರಿಸಾಟಿ ಎಂದು ತೋರಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಮಂಚದ ಬದಿಯ ಶುಶ್ರೂಷೆ ಮನೆ ಬಾಗಿಲಿಗೆ ನಡೆಯಿತು: ಮಾತ್ರೆ ನುಂಗಿಸುವುದು, ಕಫ ಪರೀಕ್ಷೆಗೆ ಕಳಿಸುವುದು, ಮನೆಮಂದಿಯನ್ನು ತಪಾಸಿಸುವುದು, ಬಿಟ್ಟುಹೋದವರನ್ನು ಹುಡುಕಿ ತರುವುದು. 2012ರಲ್ಲಿ ಕ್ಷಯದ ವರದಿ ಕಡ್ಡಾಯವಾದ ಮೇಲೆ ದಾಖಲೆ ಇನ್ನಷ್ಟು ಬಿಗಿಯಾಯಿತು.

ಆದರೆ ಈ ದಾಖಲೆ ಅನೇಕ ಸಲ 'ಚಿಕಿತ್ಸೆ ಪೂರ್ಣ' ಎಂಬಲ್ಲಿಗೆ ಮುಗಿದುಬಿಡಬಹುದು. ಕ್ಷಯಾಣು ಸತ್ತರೂ ಶ್ವಾಸಕೋಶದ ಗಾಯದ ಕಲೆ ಮಾಯುವುದಿಲ್ಲ. ಹೊಲಕ್ಕೆ ನಡೆದರೆ ದಮ್ಮು ಹತ್ತುವ 'ಗುಣಮುಖ' ರೋಗಿ ಯಾವ ಪಟ್ಟಿಗೂ ಸೇರದೆ ಉಳಿಯಬಹುದು.

3. ತರಬೇತಿ

ಜಿಎನ್‌ಎಂ ಡಿಪ್ಲೊಮಾ ಮೂರು ವರ್ಷದ್ದು, ಬಿಎಸ್‌ಸಿ ನರ್ಸಿಂಗ್ ನಾಲ್ಕು ವರ್ಷದ್ದು. ಎರಡರಲ್ಲೂ ಶ್ವಾಸಕೋಶದ ಕಾಯಿಲೆಗಳು ವೈದ್ಯಕೀಯ-ಶಸ್ತ್ರಚಿಕಿತ್ಸಾ ಶುಶ್ರೂಷೆಯ ಒಂದು ಭಾಗವಾಗಿ ಬರುತ್ತವೆ. ಆಮ್ಲಜನಕ ಕೊಡುವುದು, ಕಫ ತೆಗೆಯುವುದು, ನೆಬ್ಯುಲೈಸರ್ ಹಚ್ಚುವುದು ವಾರ್ಡಿನಲ್ಲಿ ಕೈಗೆ ಹತ್ತುತ್ತವೆ. ಇದು ಸೂಕ್ಷ್ಮ ವಿದ್ಯೆಯೇ ಸರಿ. ಸಿಒಪಿಡಿ ಉಲ್ಬಣಿಸಿದಾಗ ರಕ್ತದಲ್ಲಿನ ಆಮ್ಲಜನಕದ ಮಟ್ಟವನ್ನು ಶೇ. 88ರಿಂದ 92ರೊಳಗೆ ಕಾಯಬೇಕು; ಕನಿಕರದಿಂದ ಹೆಚ್ಚು ಕೊಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ರೋಗಿ ಮಂಪರಿಗೆ ಜಾರಬಹುದು.

ಮನೆಯಲ್ಲಿ ಬೇಕಾದ ವಿದ್ಯೆ ಬೇರೆ. ಇನ್‌ಹೇಲರ್ ಅಲುಗಾಡಿಸಿ, ಉಸಿರು ಪೂರ್ತಿ ಬಿಟ್ಟು, ಒತ್ತುತ್ತಲೇ ನಿಧಾನ ಒಳಗೆಳೆದು, ಹತ್ತು ಸೆಕೆಂಡು ಹಿಡಿಯಬೇಕು. ಸ್ಟೀರಾಯ್ಡ್ ಇದ್ದರೆ ಬಾಯಿ ಮುಕ್ಕಳಿಸಬೇಕು. ಒಂದು ಹೆಜ್ಜೆ ತಪ್ಪಿದರೂ ಔಷಧಿ ಗಂಟಲಲ್ಲೇ ಉಳಿದೀತು. ಹೇಳಿಕೊಟ್ಟರೆ ಸಾಲದು, ರೋಗಿಯಿಂದ ಮಾಡಿಸಿ ನೋಡಬೇಕು. ಮುಂದಿನ ಭೇಟಿಯಲ್ಲಿ ಮತ್ತೆ ನೋಡಬೇಕು.

4. ಸಮಾರೋಪ

2018ರಿಂದ ಉಪಕೇಂದ್ರಗಳಿಗೆ ಬಂದ ಸಮುದಾಯ ಆರೋಗ್ಯ ಅಧಿಕಾರಿಗಳಲ್ಲಿ ನರ್ಸಿಂಗ್ ಓದಿ, ಆರು ತಿಂಗಳ ಸಮುದಾಯ ಆರೋಗ್ಯ ತರಬೇತಿ ಮುಗಿಸಿದವರು ಹಲವರು. ದಮ್ಮಿನ ರೋಗಿಯ ಮನೆ-ಆರೈಕೆಗೆ ತಕ್ಕ ಕೈಗಳು ಅವರವೇ. ಕ್ಷಯದ ಚಿಕಿತ್ಸೆ ಮುಗಿದ ದಿನವೇ ರೋಗಿಯನ್ನು ನಾಲ್ಕು ಹೆಜ್ಜೆ ನಡೆಸಿ ಉಸಿರು ಎಣಿಸುವುದು, ದಮ್ಮು ಕಂಡರೆ ಸ್ಪೈರೋಮೆಟ್ರಿಗೆ (ಉಸಿರಾಟದ ಸಾಮರ್ಥ್ಯದ ಪರೀಕ್ಷೆಗೆ) ಕಳಿಸುವುದು, ಅಲ್ಲಿಂದ ಹಿಂದಿರುಗಿದವರ ಹೆಸರನ್ನು ಹೊಸ ಪಟ್ಟಿಯಲ್ಲಿ ಬರೆದುಕೊಳ್ಳುವುದು: ಇಷ್ಟನ್ನು ಪಠ್ಯಕ್ರಮದ ಕ್ಷೇತ್ರಾಭ್ಯಾಸವಾಗಿಸಿದರೆ ಹೊಸ ಹುದ್ದೆ ಬೇಕಿಲ್ಲ. ಒಂದು ಪಟ್ಟಿ ಮುಗಿದಲ್ಲಿ ಇನ್ನೊಂದನ್ನು ತೆರೆಯುವ ರೂಢಿ ಸಾಕು.