ಎರಡು ಅಕ್ಷರಗಳಿಂದ ಹುಟ್ಟಿದ ಲಿನಕ್ಸ್

ಕಂಪ್ಯೂಟರಿನ ಗುಂಡಿ ಒತ್ತಿದೊಡನೆ ಪರದೆ ಬೆಳಗುತ್ತದೆ, ಕೀಲಿಮಣೆ ನಮ್ಮ ಮಾತು ಕೇಳುತ್ತದೆ, ಕಡತಗಳು ತಮ್ಮ ತಮ್ಮ ಜಾಗದಲ್ಲಿ ಸಿಗುತ್ತವೆ. ತೆರೆಯ ಹಿಂದೆ ನಿಂತು ಇದನ್ನೆಲ್ಲ ನಡೆಸುವ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಂ. ಅದನ್ನು ಮೊದಲಿನಿಂದ ಬರೆಯುವುದು ನುರಿತ ಎಂಜಿನಿಯರುಗಳ ಕೆಲಸ. ಹಾಗಿದ್ದೂ 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ, 21 ವರ್ಷದ ಲೈನಸ್ ಟೋರ್ವಾಲ್ಡ್ಸ್, ಮನೆಯಲ್ಲಿ ಕುಳಿತು ಅದನ್ನು ಬರೆಯತೊಡಗಿದ. ಇದು ಹೇಗೆ ಸಾಧ್ಯವಾಯಿತು? ಉತ್ತರಕ್ಕಾಗಿ ತುಸು ಹಿಂದಕ್ಕೆ ಹೋಗಬೇಕು.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹುಟ್ಟಿತು. ಅದರ ಮೂಲ ಸಂಕೇತ, ಎಂದರೆ ಮನುಷ್ಯರು ಓದಬಲ್ಲ ರೂಪದಲ್ಲಿರುವ ಪ್ರೋಗ್ರಾಂ, 1970ರ ದಶಕದಲ್ಲಿ ವಿಶ್ವವಿದ್ಯಾಲಯಗಳಿಗೆ ಸಿಗುತ್ತಿತ್ತು. ಆಸ್ಟ್ರೇಲಿಯದ ಜಾನ್ ಲಯನ್ಸ್ ಅದಕ್ಕೆ ವ್ಯಾಖ್ಯಾನ ಬರೆದು ತಮ್ಮ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ಆದರೆ 1979ರ ಏಳನೆಯ ಆವೃತ್ತಿ ಬಂದಾಗ ಅದರ ಒಡೆತನ ಹೊಂದಿದ್ದ ಎಟಿ ಅಂಡ್ ಟಿ ಕಂಪನಿ, ಮೂಲ ಸಂಕೇತವನ್ನು ತರಗತಿಯಲ್ಲಿ ಬೋಧಿಸಕೂಡದೆಂದು ಷರತ್ತು ಹಾಕಿತು. ವೈದ್ಯಕೀಯ ವಿದ್ಯಾರ್ಥಿಗೆ ದೇಹವನ್ನು ಹೊರಗಿನಿಂದಷ್ಟೇ ನೋಡು ಎಂದಂತಾಯಿತು!

ಆಮ್‌ಸ್ಟರ್‌ಡಾಮಿನ ಪ್ರೊಫೆಸರ್ ಆಂಡ್ರ್ಯೂ ಟಾನೆನ್‌ಬಾಮ್ ಇದಕ್ಕೊಂದು ದಾರಿ ಕಂಡುಕೊಂಡರು. ಯೂನಿಕ್ಸಿನ ಒಂದು ಸಾಲನ್ನೂ ಬಳಸದೆ ಅದರಂತೆಯೇ ನಡೆಯುವ ಪುಟ್ಟ ಮಿನಿಕ್ಸ್ ಅನ್ನು ತಾವೇ ಬರೆದು, 1987ರಲ್ಲಿ ಪಠ್ಯಪುಸ್ತಕದೊಂದಿಗೆ ಮೂಲ ಸಂಕೇತವನ್ನೂ ಅಚ್ಚು ಹಾಕಿಸಿದರು. ಲೈನಸ್ ಓದಿದ್ದು ಈ ಪುಸ್ತಕವನ್ನೇ.

1991ರ ಜನವರಿಯಲ್ಲಿ ಆತ ಕಂತಿನ ಮೇಲೆ ಒಂದು ಕಂಪ್ಯೂಟರ್ ಕೊಂಡ. ಅದರಲ್ಲಿದ್ದುದು ಇಂಟೆಲ್ 386 ಪ್ರೊಸೆಸರ್, ಕೇವಲ 4 ಮೆಗಾಬೈಟ್ ಸ್ಮರಣೆ. ಒಂದೇ ಪ್ರೊಸೆಸರಿನಲ್ಲಿ ಎರಡು ಕೆಲಸಗಳನ್ನು ಸರದಿಯಂತೆ ನಡೆಸುವ ಸೌಕರ್ಯ ಈ 386ರೊಳಗೇ ಇತ್ತು. ಅದನ್ನು ಪರೀಕ್ಷಿಸಲು ಬರೆದ ಪ್ರೋಗ್ರಾಂ ನಗು ತರಿಸುವಷ್ಟು ಸರಳ. ಒಂದು ಕೆಲಸ ಪರದೆಯ ಮೇಲೆ 'ಎ' ಅಕ್ಷರವನ್ನು ಬರೆಯುತ್ತಲೇ ಇರುತ್ತದೆ, ಇನ್ನೊಂದು 'ಬಿ' ಅಕ್ಷರವನ್ನು. ಕಂಪ್ಯೂಟರಿನೊಳಗಿನ ಗಡಿಯಾರ ಆಗಾಗ ಸೂಚನೆ ಕೊಟ್ಟಾಗ ಒಂದು ನಿಂತು ಮತ್ತೊಂದು ಶುರುವಾಗುತ್ತದೆ. ಸ್ಟುಡಿಯೋದಲ್ಲಿ ನಾವು ಎರಡು ಕ್ಯಾಮೆರಾಗಳ ನಡುವೆ ದೃಶ್ಯ ಬದಲಿಸುವುದೂ ಹೆಚ್ಚುಕಡಿಮೆ ಹೀಗೆಯೇ. ಆದರೆ ನಮ್ಮ ಕ್ಯಾಮೆರಾದ ಮುಂದಿನ ಕಲಾವಿದ ನಮಗಾಗಿ ಕಾಯುವುದಿಲ್ಲ. ಇಲ್ಲಿ ಬಿಟ್ಟ ಕೆಲಸ ಎಲ್ಲಿಗೆ ನಿಂತಿತ್ತು ಎಂಬುದನ್ನು ಒಂದಿಷ್ಟೂ ಕಳೆಯದೆ ಬರೆದಿಟ್ಟುಕೊಂಡು, ಮತ್ತೆ ಅಲ್ಲಿಂದಲೇ ಮುಂದುವರಿಸಬೇಕು.

ಎ ಮತ್ತು ಬಿ ಸರದಿಯಂತೆ ಬಂದವು. ಲೈನಸ್ ಅದೇ ಸರದಿಯನ್ನು ಮೋಡೆಮ್ ಮೂಲಕ ವಿಶ್ವವಿದ್ಯಾಲಯದ ಕಂಪ್ಯೂಟರನ್ನು ಸಂಪರ್ಕಿಸಲು ಬಳಸಿದ. ಒಂದು ಕೆಲಸ ಕೀಲಿಮಣೆಯನ್ನು ಗಮನಿಸಿದರೆ ಇನ್ನೊಂದು ಮೋಡೆಮನ್ನು ಗಮನಿಸುತ್ತಿತ್ತು. ಅಲ್ಲಿಂದ ತಂದ ಕಡತಗಳನ್ನು ಉಳಿಸಬೇಕೆನಿಸಿದಾಗ ಡಿಸ್ಕ್ ನಡೆಸುವ ಪ್ರೋಗ್ರಾಂ ಬೇಕಾಯಿತು, ಆ ಬಳಿಕ ಕಡತಗಳನ್ನು ಜೋಡಿಸಿಡುವ ವ್ಯವಸ್ಥೆ. ಹೀಗೆ ಒಂದೊಂದೇ ಅಗತ್ಯ ಮುಂದಿನದನ್ನು ಎಳೆದು ತಂದಿತು. ನೀಲನಕ್ಷೆ ಇಟ್ಟುಕೊಂಡು ಕಟ್ಟಿದ ಮನೆಯಲ್ಲ ಇದು, ಸಂಸಾರ ಬೆಳೆದಂತೆ ಕೋಣೆ ಸೇರಿಸಿಕೊಂಡದ್ದು.

1991ರ ಆಗಸ್ಟ್ 25ರಂದು ಆತ ಮಿನಿಕ್ಸ್ ಬಳಸುವವರಿಗೆಲ್ಲ ಜಾಲದ ಮೂಲಕ ಒಂದು ಪತ್ರ ಬರೆದ. ಇದು ತನ್ನ ಹವ್ಯಾಸವಷ್ಟೇ, ದೊಡ್ಡದೇನೂ ಆಗದು ಎಂಬುದು ಅದರ ಧಾಟಿ. ಸೆಪ್ಟೆಂಬರಿನಲ್ಲಿ ಹೊರಬಂದ 0.01 ಆವೃತ್ತಿಯಲ್ಲಿದ್ದುದು ಸುಮಾರು 10,000 ಸಾಲುಗಳು. ಅದನ್ನು ಯಂತ್ರಭಾಷೆಗೆ ತರಲು ಮಿನಿಕ್ಸ್ ಬೇಕಾಗುತ್ತಿತ್ತು. ತರುವ ಕೆಲಸ ಮಾಡುತ್ತಿದ್ದ ಕಂಪೈಲರೂ ಲೈನಸ್‌ನದಲ್ಲ, 1984ರಿಂದ ಮುಕ್ತ ತಂತ್ರಾಂಶ ರಚನೆಯಲ್ಲಿ ತೊಡಗಿದ್ದ ರಿಚರ್ಡ್ ಸ್ಟಾಲ್‌ಮನ್ ಅವರ ಗ್ನೂ ಯೋಜನೆಯದು. 'ಶೂನ್ಯದಿಂದ ಕಟ್ಟಿದ' ಎಂದು ಲಿನಕ್ಸನ್ನು ಹೊಗಳುವವರು ಇದನ್ನು ಮರೆಯುತ್ತಾರೆ. ತಿರುಳನ್ನು ಬರೆದವನು ಒಬ್ಬ, ನಿಜ. ಆದರೆ ಓದಲು ಸಿಕ್ಕ ಪುಸ್ತಕವೂ ಬಳಸಲು ಸಿಕ್ಕ ಕಂಪೈಲರೂ ಇಲ್ಲದಿದ್ದರೆ ಆತ ಎ, ಬಿಗಳಲ್ಲೇ ನಿಲ್ಲಬೇಕಿತ್ತು.

ಊರುಗೋಲು ಕೈಬಿಟ್ಟ ಪ್ರಸಂಗವಂತೂ ಸ್ವಾರಸ್ಯಕರ. ಮೋಡೆಮಿಗೆ ಕಳಿಸಬೇಕಿದ್ದ ಆಜ್ಞೆಯನ್ನು ಲೈನಸ್ ಕಣ್ತಪ್ಪಿ ಹಾರ್ಡ್ ಡಿಸ್ಕಿಗೆ ಕಳಿಸಿದ, ಮಿನಿಕ್ಸ್ ಇದ್ದ ಭಾಗ ಹಾಳಾಯಿತು. ಅದನ್ನು ಮತ್ತೆ ಹಾಕಿಕೊಳ್ಳುವ ಬದಲು ತನ್ನದೇ ವ್ಯವಸ್ಥೆಯಲ್ಲಿ ಮುಂದುವರಿಯಲು ಆತ ನಿರ್ಧರಿಸಿದ.

1992ರ ಜನವರಿಯಲ್ಲಿ ಟಾನೆನ್‌ಬಾಮ್ ಬಹಿರಂಗವಾಗಿ ಟೀಕಿಸಿದರು. ಎಲ್ಲ ಕೆಲಸವನ್ನೂ ಒಂದೇ ದೊಡ್ಡ ತಿರುಳಿಗೆ ತುಂಬುವುದು ಹಳೆಯ ಪದ್ಧತಿ, ಅಲ್ಲದೆ ಇದು 386ಕ್ಕೇ ಅಂಟಿಕೊಂಡಿದೆ ಎಂಬುದು ಅವರ ಆಕ್ಷೇಪ. ಲೈನಸ್ ಖಾರವಾಗಿ ಉತ್ತರಿಸಿ, ಬಳಿಕ ತನ್ನ ಧಾಟಿಗಾಗಿ ಕ್ಷಮೆ ಕೇಳಿದ. ಎರಡನೆಯ ಆಕ್ಷೇಪದಲ್ಲಿ ಹುರುಳಿತ್ತೆಂದೇ ನನ್ನ ಎಣಿಕೆ. ಬೇರೆ ಪ್ರೊಸೆಸರುಗಳಿಗೆ ಒಗ್ಗಿಸಲು ತಿರುಳಿನ ಬಹುಭಾಗವನ್ನು ಮುಂದೆ ತಿದ್ದಬೇಕಾಯಿತು.

ಅದೇ ವರ್ಷ ಲೈನಸ್ ಗ್ನೂ ಪರವಾನಗಿಯನ್ನು ಅಳವಡಿಸಿಕೊಂಡ. ಯಾರು ಬೇಕಾದರೂ ಲಿನಕ್ಸನ್ನು ಪಡೆಯಬಹುದು, ತಿದ್ದಬಹುದು, ಮಾರಬಹುದು. ಹಾಗೆ ಹಂಚುವಾಗ ಮೂಲ ಸಂಕೇತವನ್ನೂ ಕೊಡಬೇಕು. ಆಗ ನಾನಾ ದೇಶಗಳಿಂದ ತಿದ್ದುಪಡಿಗಳು ಹರಿದುಬಂದವು. 1994ರ ಮಾರ್ಚಿನಲ್ಲಿ 1.0 ಆವೃತ್ತಿ ಹೊರಬಂದಾಗ ಅದರಲ್ಲಿ 1,76,000ಕ್ಕೂ ಹೆಚ್ಚು ಸಾಲುಗಳಿದ್ದವು. ಆಂಡ್ರಾಯ್ಡ್ ಫೋನುಗಳ ತಿರುಳೂ ಇದೇ. 2017ರ ನವೆಂಬರಿನ ಪಟ್ಟಿಯಲ್ಲಿದ್ದ ಜಗತ್ತಿನ 500 ಅತಿವೇಗದ ಕಂಪ್ಯೂಟರುಗಳೂ ಲಿನಕ್ಸಿನಲ್ಲೇ ನಡೆಯುತ್ತಿದ್ದವು.

ಇಂದಿನ ತಿರುಳು ಕೋಟಿಗಟ್ಟಲೆ ಸಾಲುಗಳದು, ಯಾರೊಬ್ಬರೂ ಪೂರ್ತಿ ಓದಲಾರರು. ಆದರೆ 0.01 ಆವೃತ್ತಿ ಈಗಲೂ ಉಚಿತವಾಗಿ ಸಿಗುತ್ತದೆ. ಸಿ ಭಾಷೆ ಕಲಿತ ಕಾಲೇಜು ವಿದ್ಯಾರ್ಥಿಗಳು ಅದರಲ್ಲಿ ಸರದಿ ಹಂಚುವ ಭಾಗವನ್ನು ತೆರೆದು ನೋಡಬಹುದು. ಅದು ಒಂದೆರಡು ಪುಟಗಳಷ್ಟೇ ಇದೆ.