ಚಾಕಣದ ಕಾರ್ಮಿಕ ಮತ್ತು ಕ್ಷಯ ಚಿಕಿತ್ಸೆ: ಎರಡು ವಿಳಾಸದ ರೋಗಿಗೆ ಪುರಾವೆ ಹೇಳುವುದೇನು?

ಪುಣೆ ಜಿಲ್ಲೆಯ ಖೇಡ್ ತಾಲ್ಲೂಕಿನ ಚಾಕಣ ಒಂದು ಕಾಲಕ್ಕೆ ಈರುಳ್ಳಿ ಮಾರುಕಟ್ಟೆಗೆ ಹೆಸರಾದ ಊರು. ಈಗ ಅದು ವಾಹನ ಕಾರ್ಖಾನೆಗಳ ಊರು. ಮಹಾಳುಂಗೆ, ನಿಘೋಜೆ, ಕುರುಳಿಯಂಥ ಹಳ್ಳಿಗಳಲ್ಲಿ ಸಾಲುಸಾಲಾಗಿ ಎದ್ದಿರುವ ಬಾಡಿಗೆ ಖೋಲಿಗಳಲ್ಲಿ ಕಲಬುರಗಿ, ಬೀದರ್, ವಿಜಯಪುರ ಕಡೆಯ ಹುಡುಗರೂ ಇದ್ದಾರೆ. ಒಂದು ಖೋಲಿಗೆ ನಾಲ್ಕೈದು ಜನ. ರಾತ್ರಿ ಪಾಳಿ ಮುಗಿಸಿ ಬಂದವನು ಹಗಲು ಬಾಗಿಲು, ಕಿಟಕಿ ಮುಚ್ಚಿ ಮಲಗುತ್ತಾನೆ. ಅವನು ಏಳುವ ಹೊತ್ತಿಗೆ ಇನ್ನೊಬ್ಬ ಅದೇ ಹಾಸಿಗೆಗೆ ಬರುತ್ತಾನೆ. ಗಾಳಿಯ ಮೂಲಕ ಹರಡುವ ಕ್ಷಯಕ್ಕೆ ಇದಕ್ಕಿಂತ ಅನುಕೂಲದ ಜಾಗ ಬೇಕಿಲ್ಲ. ಇಂಥ ಕಡೆ ಒಬ್ಬನಿಗೆ ಕ್ಷಯ ಬಂದರೆ ಅವನನ್ನು ಬೇಗ ಗುರುತಿಸುವುದಕ್ಕೆ, ಆರು ತಿಂಗಳ ಔಷಧ ಮುಗಿಸುವಂತೆ ನೋಡಿಕೊಳ್ಳುವುದಕ್ಕೆ, ಜೊತೆಯವರನ್ನು ಕಾಪಾಡುವುದಕ್ಕೆ ಯಾವ ಕ್ರಮ ನಿಜವಾಗಿ ಫಲ ಕೊಡುತ್ತದೆ ಎಂಬುದು ಈ ಟಿಪ್ಪಣಿಯ ಪ್ರಶ್ನೆ. ಭಾರತದಲ್ಲೇ ನಡೆದ, ಅದರಲ್ಲೂ ಕರ್ನಾಟಕದ ನಂಟಿರುವ ಅಧ್ಯಯನಗಳು ಇದಕ್ಕೆ ಬೇಕಾದಷ್ಟು ಉತ್ತರ ಕೊಟ್ಟಿವೆ. ಆದರೆ ಆ ಉತ್ತರಗಳ ಹಿಂದೆ ಒಂದು ಊಹೆ ಇದೆ. ರೋಗಿಗೆ ಒಂದೇ ಮನೆ, ಒಂದೇ ವಿಳಾಸ ಇರುತ್ತದೆ ಎಂಬುದು ಆ ಊಹೆ. ಚಾಕಣದ ಕಾರ್ಮಿಕನಿಗೆ ಎರಡು ವಿಳಾಸ.

ಮೊದಲು ತುಮಕೂರು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಶುರುವಾಯಿತು. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಎಕ್ಸ್‌ರೇ ಸಮೀಕ್ಷೆಯಲ್ಲಿ ಸಿಕ್ಕ ರೋಗಿಗಳನ್ನು ಮಾತಾಡಿಸಿ ತಮ್ಮ ಅಧ್ಯಯನವನ್ನು 1963ರಲ್ಲಿ ಪ್ರಕಟಿಸಿದರು. ಹಳ್ಳಿಯ ಜನಕ್ಕೆ ರೋಗದ ಅರಿವಿಲ್ಲ, ಮನೆಮನೆಗೆ ಹೋಗಿ ಹುಡುಕದೆ ಅವರು ಸಿಗುವುದಿಲ್ಲ ಎಂಬ ನಂಬಿಕೆ ಆಗ ಬಲವಾಗಿತ್ತು. ಸಿಕ್ಕ ಉತ್ತರ ಬೇರೆಯೇ ಆಗಿತ್ತು. ಕಫದಲ್ಲಿ ರೋಗಾಣು ಕಂಡವರಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಲಕ್ಷಣಗಳು ಗೊತ್ತಿದ್ದವು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಆಸ್ಪತ್ರೆಯ ಬಾಗಿಲು ತಟ್ಟಿದ್ದರು. ಅವರ ಕೈಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಸೀಸೆ. ಕ್ಷಯಕ್ಕೆ ಪ್ರತ್ಯೇಕ ವ್ಯವಸ್ಥೆ ಕಟ್ಟುವ ಬದಲು ಸಾಮಾನ್ಯ ಆರೋಗ್ಯ ಕೇಂದ್ರದಲ್ಲೇ ಕಫ ಪರೀಕ್ಷೆ, ಅಲ್ಲೇ ಔಷಧ ಎಂಬ ರಾಷ್ಟ್ರೀಯ ಕಾರ್ಯಕ್ರಮದ ನೀತಿಗೆ ಇದು ಆಧಾರವಾಯಿತು. ರೋಗಿ ಬರುತ್ತಿಲ್ಲ ಎಂದು ದೂರುವ ಮೊದಲು ಬಂದವನಿಗೆ ಏನು ಮಾಡಿದೆವು ಎಂದು ಕೇಳಿಕೊಂಡ ಈ ಅಧ್ಯಯನ ನನ್ನ ಮಟ್ಟಿಗೆ ಭಾರತದ ಆರೋಗ್ಯ ಸಂಶೋಧನೆಯಲ್ಲೇ ಅತ್ಯಂತ ಪ್ರಾಮಾಣಿಕವಾದುದು.

ಅಲ್ಲಿಂದ ಇಲ್ಲಿಗೆ ಎಷ್ಟು ಬದಲಾಗಿದೆ? ಮುಂಬೈ ಮತ್ತು ಪಟ್ನಾದ ಖಾಸಗಿ ವೈದ್ಯರ ಬಳಿಗೆ, ತರಬೇತಿ ಪಡೆದ ನಟ-ರೋಗಿಗಳನ್ನು ಕ್ಷಯದ ಲಕ್ಷಣ ಹೇಳಿಕೊಳ್ಳುವಂತೆ ಕಳಿಸಿ ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಸರಿಯಾದ ಕ್ರಮ ಸಿಕ್ಕಿದ್ದು ಸುಮಾರು ಶೇ. 35 ಭೇಟಿಗಳಲ್ಲಿ ಮಾತ್ರ. ದೇಶದ ಒಟ್ಟು ಲೆಕ್ಕವನ್ನು 2013ರ ಅಂಕಿಅಂಶಗಳಿಂದ ಕಟ್ಟಿದ ಇನ್ನೊಂದು ಅಧ್ಯಯನ 2016ರಲ್ಲಿ ಬಂತು. ಅದರ ಅಂದಾಜಿನಂತೆ ಕ್ಷಯ ಇರುವ ಪ್ರತಿ ನೂರು ಜನರಲ್ಲಿ 72 ಮಂದಿ ಸರ್ಕಾರಿ ಪರೀಕ್ಷಾ ಕೇಂದ್ರ ಮುಟ್ಟುತ್ತಾರೆ, 60 ಮಂದಿಗೆ ರೋಗ ಪತ್ತೆಯಾಗುತ್ತದೆ, 53 ಮಂದಿ ಚಿಕಿತ್ಸೆಗೆ ನೋಂದಣಿಯಾಗುತ್ತಾರೆ, 45 ಮಂದಿ ಔಷಧ ಮುಗಿಸುತ್ತಾರೆ. ಮುಗಿಸಿದ ಮೇಲೂ ಒಂದು ವರ್ಷ ರೋಗ ಮರುಕಳಿಸದೆ ಬದುಕಿರುವವರು 39 ಮಂದಿ. ರೋಗ ಪತ್ತೆಯಾದ ಮೇಲೂ ನೋಂದಣಿಗೆ ಮೊದಲೇ ಕಳೆದುಹೋಗುವ ಆ ಏಳು ಮಂದಿಯನ್ನು ಗಮನಿಸಬೇಕು. ಚೀಟಿ ಒಂದು ಊರಲ್ಲಿ, ಔಷಧ ಇನ್ನೊಂದು ಊರಲ್ಲಿ ಆಗುವವರು ಜಾರಿಹೋಗುವುದು ಇಂಥ ಸಂದಿಯಲ್ಲೇ.

ಚಿಕಿತ್ಸೆ ಎಲ್ಲಿ ಕೊಡಬೇಕು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮದರಾಸಿನಲ್ಲಿ. ನಗರದ ಬಡ, ಕಿಕ್ಕಿರಿದ ಕೇರಿಗಳ 193 ರೋಗಿಗಳನ್ನು ಚೀಟಿ ಎತ್ತಿದಂತೆ ಹಂಚಿ, ಕೆಲವರಿಗೆ ಸ್ಯಾನಟೋರಿಯಂನಲ್ಲಿ, ಉಳಿದವರಿಗೆ ಮನೆಯಲ್ಲೇ ಒಂದು ವರ್ಷ ಅದೇ ಔಷಧ ಕೊಟ್ಟರು. 1959ರಲ್ಲಿ ಫಲಿತಾಂಶ ಬಂದಾಗ ಎರಡೂ ಗುಂಪಿನ ಗುಣಮುಖರ ಪ್ರಮಾಣದಲ್ಲಿ ಹೆಚ್ಚಿನ ವ್ಯತ್ಯಾಸ ಇರಲಿಲ್ಲ. ಮನೆಯವರಿಗೆ ಸೋಂಕಿನ ಅಪಾಯವೂ ಹೆಚ್ಚಿರಲಿಲ್ಲ. ಜಗತ್ತಿನ ಸ್ಯಾನಟೋರಿಯಂಗಳು ಬಾಗಿಲು ಮುಚ್ಚುವುದಕ್ಕೆ ಈ ಅಧ್ಯಯನ ದೊಡ್ಡ ಕಾರಣ. ಔಷಧವನ್ನು ಕಣ್ಣೆದುರೇ ನುಂಗಿಸಬೇಕು ಎಂಬ ಪದ್ಧತಿ ಮುಂದೆ ಬಂತು. ಅದರ ಪುರಾವೆ ಇಷ್ಟು ಗಟ್ಟಿಯಲ್ಲ. ಪಾಕಿಸ್ತಾನದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಆರೋಗ್ಯ ಕಾರ್ಯಕರ್ತರ ಕಣ್ಣೆದುರು ಔಷಧ ತೆಗೆದುಕೊಂಡವರಲ್ಲಿ ಶೇ. 64, ತಾವೇ ತೆಗೆದುಕೊಂಡವರಲ್ಲಿ ಶೇ. 62 ಗುಣವಾದರು. ಪಾಳಿಯಲ್ಲಿ ದುಡಿಯುವವನನ್ನು ದಿನವೂ ಕೇಂದ್ರಕ್ಕೆ ಬಾ ಎನ್ನುವುದಕ್ಕೆ ಈ ಎರಡು ಅಂಕಿಗಳ ಅಂತರ ಸಾಕಾದ ಸಮರ್ಥನೆ ಅಲ್ಲ.

ಈಗ ಊಟದ ವಿಷಯ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಮುಂದಾಳತ್ವದಲ್ಲಿ ಜಾರ್ಖಂಡ್‌ನಲ್ಲಿ ನಡೆದ ‘ರೇಷನ್ಸ್’ ಪರೀಕ್ಷೆಯ ಫಲಿತಾಂಶ 2023ರ ಆಗಸ್ಟ್‌ನಲ್ಲಿ ಬಂತು. ಶ್ವಾಸಕೋಶದ ಕ್ಷಯವಿರುವ 2800 ರೋಗಿಗಳು, ಅವರ ಮನೆಗಳ 10,345 ಮಂದಿ. ರೋಗಿಗಳಿಗೆಲ್ಲ ಪೌಷ್ಟಿಕ ಆಹಾರದ ಚೀಲ ಸಿಕ್ಕಿತು. ಒಂದು ಗುಂಪಿನಲ್ಲಿ ಮನೆಯವರಿಗೂ ತಲಾ ತಿಂಗಳಿಗೆ ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ತೊಗರಿಬೇಳೆ, ಜೊತೆಗೆ ವಿಟಮಿನ್ ಮಾತ್ರೆ. ಹೀಗೆ ಆಹಾರ ಪಡೆದ ಮನೆಗಳ 5621 ಮಂದಿಯಲ್ಲಿ 96 ಜನಕ್ಕೆ ಕ್ಷಯ ಬಂತು. ಪಡೆಯದ ಮನೆಗಳ 4724 ಮಂದಿಯಲ್ಲಿ 122 ಜನಕ್ಕೆ. ಲೆಕ್ಕ ಹೊಂದಿಸಿ ನೋಡಿದರೆ ಶೇ. 39 ಇಳಿಕೆ. ಅಕ್ಕಿ, ಬೇಳೆಗೆ ಇಂಥ ಶಕ್ತಿ ಇದೆ ಎಂದು ಅಚ್ಚುಕಟ್ಟಾದ ಪರೀಕ್ಷೆಯಲ್ಲಿ ತೋರಿಸಿದ್ದು ದೊಡ್ಡ ಕೆಲಸ.

ಇದರ ಜೊತೆಗೆ ಹೊರಬಂದ ಇನ್ನೊಂದು ಮಾತನ್ನು ಮಾತ್ರ ಎಚ್ಚರದಿಂದ ಓದಬೇಕು. ಮೊದಲ ಎರಡು ತಿಂಗಳಲ್ಲಿ ತೂಕ ಶೇ. 5ರಷ್ಟು ಏರಿದ ರೋಗಿಗಳಲ್ಲಿ ಸಾವಿನ ಅಪಾಯ ಶೇ. 61ರಷ್ಟು ಕಡಿಮೆ ಇತ್ತು. ಪತ್ರಿಕೆಗಳಲ್ಲಿ ಇದು ‘ಆಹಾರ ಕೊಟ್ಟರೆ ಸಾವು ಶೇ. 61 ಇಳಿಯುತ್ತದೆ’ ಎಂದಾಯಿತು. ಹಾಗೆ ಹೇಳಲು ಬರುವುದಿಲ್ಲ. ಎರಡೂ ಗುಂಪಿನ ರೋಗಿಗಳಿಗೆ ಆಹಾರ ಸಿಕ್ಕಿದ್ದರಿಂದ ಹೋಲಿಸಲು ಆಹಾರ ಸಿಗದ ರೋಗಿಗಳೇ ಇಲ್ಲ. ರೋಗ ಹಗುರವಿದ್ದವರೇ ಬೇಗ ತೂಕ ಏರಿಸಿಕೊಂಡಿರಲೂಬಹುದು. ಮದರಾಸಿನ ಅಧ್ಯಯನದಲ್ಲಿ ಸ್ಯಾನಟೋರಿಯಂನ ಒಳ್ಳೆಯ ಊಟ ಗುಣವಾಗುವ ಪ್ರಮಾಣವನ್ನು ಅಷ್ಟಾಗಿ ಬದಲಿಸಲಿಲ್ಲವಲ್ಲ ಎಂದು ಕೇಳುವವರಿಗೂ ಉತ್ತರ ಇದೆ. ಅಲ್ಲಿ ಗುಣವೆಂದು ಮುಖ್ಯವಾಗಿ ಅಳೆದದ್ದು ಕಫದಿಂದ ರೋಗಾಣು ಮಾಯವಾಯಿತೇ ಎಂಬುದನ್ನು, ಇಲ್ಲಿ ಅಳೆದದ್ದು ಜೊತೆಯವರಿಗೆ ರೋಗ ಬಂತೇ, ರೋಗಿ ಬದುಕಿದನೇ ಎಂಬುದನ್ನು. ಜಾರ್ಖಂಡ್‌ನ ರೋಗಿಗಳಲ್ಲಿ ಐವರಲ್ಲಿ ನಾಲ್ವರು ಇರಬೇಕಾದ ತೂಕಕ್ಕಿಂತ ಕೆಳಗಿದ್ದರು. ಎರಡೂ ಅಧ್ಯಯನಗಳು ಒಂದನ್ನೊಂದು ಸುಳ್ಳು ಮಾಡುವುದಿಲ್ಲ. ಎರಡು ತಿಂಗಳಿಗೊಮ್ಮೆಯಾದರೂ ರೋಗಿಯನ್ನು ತಕ್ಕಡಿ ಮೇಲೆ ನಿಲ್ಲಿಸಿ, ತೂಕ ಏರದವನನ್ನು ಅಪಾಯದಲ್ಲಿರುವವನೆಂದು ತಿಳಿಯುವುದಕ್ಕೆ ಈ ಪುರಾವೆ ಧಾರಾಳ ಸಾಕು.

ಇದನ್ನೆಲ್ಲ ಚಾಕಣಕ್ಕೆ ತಂದು ನೋಡೋಣ. ‘ಮನೆಯವರು’ ಅಂದರೆ ಇಲ್ಲಿ ಯಾರು? ಒಂದೇ ಖೋಲಿಯಲ್ಲಿ ಉಸಿರಾಡುವ ಸಹೋದ್ಯೋಗಿಗಳು ಒಂದು ಕಡೆ. ಹಬ್ಬಕ್ಕೆಂದು ಹದಿನೈದು ದಿನ ರಜೆ ಹಾಕಿ ಹೋದಾಗ ಜೊತೆಗಿದ್ದ ಹೆಂಡತಿ, ಮಕ್ಕಳು, ತಾಯಿ ಇನ್ನೊಂದು ಕಡೆ, ಅದೂ ಇನ್ನೊಂದು ರಾಜ್ಯದಲ್ಲಿ. ಮಹಾರಾಷ್ಟ್ರದ ಆರೋಗ್ಯ ಕಾರ್ಯಕರ್ತೆ ಖೋಲಿಯವರ ಪಟ್ಟಿ ಬರೆದುಕೊಂಡರೆ ಕಲಬುರಗಿ ಜಿಲ್ಲೆಯ ಆಳಂದದಲ್ಲಿರುವ ಅವನ ಮಗು ಪಟ್ಟಿಯಲ್ಲಿ ಬರುವುದಿಲ್ಲ. ಜಾರ್ಖಂಡ್‌ನ ಫಲಿತಾಂಶ ಒಂದು ಒಲೆಯ ಸುತ್ತ ಕೂತ ಕುಟುಂಬದ್ದು. ಅದನ್ನು ಇಲ್ಲಿಗೆ ಅನ್ವಯಿಸಬೇಕಾದರೆ ಎರಡೂ ಒಲೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇದಕ್ಕೆ ಬೇಕಾದ ಸಾಧನ ಇಲ್ಲದಿಲ್ಲ. ಕ್ಷಯ ರೋಗಿಗಳನ್ನು ದಾಖಲಿಸುವ ಸರ್ಕಾರದ ನಿಕ್ಷಯ್ ಜಾಲದಲ್ಲಿ ರೋಗಿಯ ಗುರುತಿನ ಸಂಖ್ಯೆಯನ್ನು ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ, ರಾಜ್ಯದಾಚೆಗೂ ವರ್ಗಾಯಿಸಬಹುದು. 2018ರಲ್ಲಿ ತಿಂಗಳಿಗೆ 500 ರೂಪಾಯಿಯಂತೆ ಶುರುವಾದ ನಿಕ್ಷಯ್ ಪೋಷಣ್ ನೆರವು 2024ರ ನವೆಂಬರ್‌ನಿಂದ 1000 ರೂಪಾಯಿ ಆಗಿದೆ. ಆದರೆ ಅದು ರೋಗಿಗೆ ಮಾತ್ರ ಸೇರುವ ಹಣ. ರೇಷನ್ಸ್ ಪರೀಕ್ಷೆ ತೋರಿಸಿದ ಲಾಭ ಬಂದದ್ದು ಮನೆಯವರ ತಟ್ಟೆಯಿಂದ.

ಸಂಬಳದ ಪ್ರಶ್ನೆ ಇನ್ನೂ ಕಠಿಣ. ಇಎಸ್‌ಐ ವಿಮೆ ಇರುವ ಕಾರ್ಮಿಕನಿಗೆ ಸಾಮಾನ್ಯ ಕಾಯಿಲೆ ಭತ್ಯೆ ಕೂಲಿಯ ಶೇ. 70ರಂತೆ ವರ್ಷಕ್ಕೆ 91 ದಿನ ಸಿಗುತ್ತದೆ. ಕ್ಷಯದ ಚಿಕಿತ್ಸೆ ಆರು ತಿಂಗಳು, ಅಂದರೆ ಅರ್ಧದಾರಿಯಲ್ಲೇ ಹಣ ನಿಲ್ಲುತ್ತದೆ. ಕ್ಷಯದಂಥ ದೀರ್ಘ ಕಾಯಿಲೆಗಳಿಗೆ ಶೇ. 80ರಂತೆ ಎರಡು ವರ್ಷದವರೆಗೆ ಸಿಗುವ ವಿಸ್ತೃತ ಭತ್ಯೆಯೂ ಇದೆ. ಅದಕ್ಕೆ ಎರಡು ವರ್ಷ ನಿರಂತರ ವಿಮೆಯ ಉದ್ಯೋಗ, ಹಿಂದಿನ ನಾಲ್ಕು ವಂತಿಗೆ ಅವಧಿಗಳಲ್ಲಿ ಕನಿಷ್ಠ 156 ದಿನದ ವಂತಿಗೆ ಬೇಕು. ಏಳೆಂಟು ತಿಂಗಳಿಗೊಮ್ಮೆ ಗುತ್ತಿಗೆದಾರ ಬದಲಾಗಿ, ನಡುವೆ ಕೆಲಸವಿಲ್ಲದೆ ಊರಿಗೆ ಹೋಗಿ ಬರುವ ಹುಡುಗ ಈ ಷರತ್ತನ್ನು ಹೇಗೆ ಪೂರೈಸಬೇಕು? ಕ್ಷಯಕ್ಕಾದರೂ ಈ ನಿರಂತರತೆಯ ಷರತ್ತನ್ನು ಕೈಬಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಲ್ಲಿ ಆಗಬೇಕಾದ ಸಂಶೋಧನೆಗೆ ನೆಲೆ ಪಕ್ಕದಲ್ಲೇ ಇದೆ. ನೆರೆಯ ಶಿರೂರು ತಾಲ್ಲೂಕಿನ ವಢು ಗ್ರಾಮದಲ್ಲಿ ಡಾ. ಬಾನೂ ಕೊಯಾಜಿ 1970ರ ದಶಕದಲ್ಲಿ ಗ್ರಾಮೀಣ ಆರೋಗ್ಯ ಕೆಲಸ ಶುರುಮಾಡಿದರು. ಪುಣೆಯ ಕೆಇಎಂ ಆಸ್ಪತ್ರೆಯ ಸಂಶೋಧನಾ ಕೇಂದ್ರ ಅಲ್ಲಿ 2002ರಿಂದ 22 ಹಳ್ಳಿಗಳ ಹುಟ್ಟು, ಸಾವು, ವಲಸೆಯನ್ನು ಮನೆಮನೆಯಿಂದ ದಾಖಲಿಸುತ್ತಿದೆ. 2014ರಲ್ಲಿ ಫಲಿತಾಂಶ ಬಂದ ಭಾರತೀಯ ರೋಟಾವೈರಸ್ ಲಸಿಕೆಯ ದೊಡ್ಡ ಪರೀಕ್ಷೆಯ ಮೂರು ತಾಣಗಳಲ್ಲಿ ಇದೂ ಒಂದು. ಬಂದವರು, ಹೋದವರ ಲೆಕ್ಕ ಇಡುವ ಇಂಥ ದಾಖಲೆಯನ್ನು ಕಲಬುರಗಿ, ವಿಜಯಪುರದ ನಿಕ್ಷಯ್ ದಾಖಲೆಗಳ ಜೊತೆ ಇಟ್ಟು ನೋಡಿದರೆ ನಡುದಾರಿಯಲ್ಲಿ ಔಷಧ ಬಿಟ್ಟವರು ಎಲ್ಲಿ ಬಿಟ್ಟರು ಎಂಬುದು ತಿಳಿಯುತ್ತದೆ.

ಅಲ್ಲಿಯವರೆಗೆ ಚಾಕಣ, ಪಿಂಪ್ರಿ-ಚಿಂಚವಾಡದ ಕನ್ನಡಿಗರಲ್ಲಿ ಒಂದು ವಿನಂತಿ. ಎರಡು ವಾರ ದಾಟಿದ ಕೆಮ್ಮು ಇರುವ ಹುಡುಗ ಕಂಡರೆ ಸಿರಪ್ ಸಾಕು ಎನ್ನದೆ ಸರ್ಕಾರಿ ಆಸ್ಪತ್ರೆಗೆ ಕಫ ಪರೀಕ್ಷೆಗೆ ಕರೆದುಕೊಂಡು ಹೋಗಿ. ಪರೀಕ್ಷೆಯೂ ಔಷಧವೂ ಅಲ್ಲಿ ಉಚಿತ. ಚಿಕಿತ್ಸೆ ನಡೆಯುತ್ತಿರುವಾಗ ಅವನು ಊರಿಗೆ ಹೊರಟರೆ ನಿಕ್ಷಯ್ ಸಂಖ್ಯೆ ಬರೆದ ಚೀಟಿಯನ್ನೂ ಒಂದು ತಿಂಗಳ ಮಾತ್ರೆಯನ್ನೂ ಕೊಡಿಸಿಯೇ ಬಸ್ಸು ಹತ್ತಿಸಿ.