ಶಾಲೆಯ ವಾಟ್ಸ್‌ಆ್ಯಪ್ ಗುಂಪಿಗೆ ಸೇರುವ ಬಗೆ: ಸೊಲ್ಲಾಪುರ, ಅಕ್ಕಲಕೋಟದ ಕನ್ನಡ ಪಾಲಕರಿಗೆ ಮಾಹಿತಿ

ಸೊಲ್ಲಾಪುರ ನಗರ, ದಕ್ಷಿಣ ಸೊಲ್ಲಾಪುರ ಹಾಗೂ ಅಕ್ಕಲಕೋಟ ತಾಲೂಕುಗಳ ಅನೇಕ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಇಂದು ಸೂಚನೆಗಳು ಪಾಲಕರನ್ನು ಮೊದಲು ತಲುಪುವುದು ತರಗತಿಯ ವಾಟ್ಸ್‌ಆ್ಯಪ್ ಗುಂಪಿನ ಮೂಲಕ. 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣದಿಂದ ಶಾಲೆಗಳು ಮುಚ್ಚಿದಾಗ ಪಾಠ ಮತ್ತು ಮನೆಗೆಲಸಕ್ಕಾಗಿ ಬೆಳೆದ ಈ ರೂಢಿ, ಶಾಲೆಗಳು ತೆರೆದ ಮೇಲೂ ಉಳಿದುಕೊಂಡಿತು. ಗುಂಪಿನಲ್ಲಿ ಇಲ್ಲದ ಮನೆಗೆ ಸುದ್ದಿ ತಡವಾಗಿ ಮುಟ್ಟುತ್ತದೆ. ಕೆಲವೊಮ್ಮೆ ಮುಟ್ಟುವುದೇ ಇಲ್ಲ.

ಇದರಿಂದಾಗುವ ನಷ್ಟಕ್ಕೆ ಒಂದು ಉದಾಹರಣೆಯನ್ನು ಕೊಡುತ್ತೇವೆ. ಕೇಂದ್ರ ಸರ್ಕಾರದ ಎನ್‌ಎಮ್‌ಎಮ್‌ಎಸ್ ವಿದ್ಯಾರ್ಥಿವೇತನ ಪರೀಕ್ಷೆಗೆ ಸರ್ಕಾರಿ, ಸ್ಥಳೀಯ ಸಂಸ್ಥೆಗಳ ಹಾಗೂ ಅನುದಾನಿತ ಶಾಲೆಗಳ 8ನೇ ಇಯತ್ತೆಯ ಮಕ್ಕಳು ಕೂರಬಹುದು. ಮನೆಯ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದ ಮಗುವಿಗೆ 9ರಿಂದ 12ನೇ ಇಯತ್ತೆಯವರೆಗೆ ವರ್ಷಕ್ಕೆ 12,000 ರೂಪಾಯಿ, ಅಂದರೆ ನಾಲ್ಕು ವರ್ಷಕ್ಕೆ 48,000 ರೂಪಾಯಿ ದೊರೆಯುತ್ತದೆ. ನಮ್ಮ ರಾಜ್ಯದಲ್ಲಿ ಈ ಪರೀಕ್ಷೆಯನ್ನು ಪುಣೆಯ ಮಹಾರಾಷ್ಟ್ರ ರಾಜ್ಯ ಪರೀಕ್ಷಾ ಪರಿಷತ್ತು ನಡೆಸುತ್ತದೆ. ಅರ್ಜಿ ಹೋಗುವುದು ಶಾಲೆಯ ಮೂಲಕ. ಅರ್ಜಿಯ ಕೊನೆಯ ದಿನ ತಿಳಿಯದೆ ಹೋದರೆ ಮಗುವಿನ ಜಾಣ್ಮೆಗೆ ಪರೀಕ್ಷೆಯೇ ಇಲ್ಲದಂತಾಗುತ್ತದೆ. ಆದುದರಿಂದ ಗುಂಪಿಗೆ ಸೇರುವ, ಅಲ್ಲಿ ಜಾಗರೂಕತೆಯಿಂದ ಇರುವ ಕ್ರಮವನ್ನು ಇಲ್ಲಿ ವಿವರಿಸುತ್ತೇವೆ.

ಮೊದಲು ಬೇಕಾದುವು

ಒಂದು ಸ್ಮಾರ್ಟ್‌ಫೋನ್, ಚಾಲ್ತಿಯಲ್ಲಿರುವ ಒಂದು ಸಿಮ್ ಮತ್ತು ಇಂಟರ್‌ನೆಟ್ ಸಾಕು. ಸಿಮ್ ಯಾವ ರಾಜ್ಯದ್ದೆಂಬುದು ಮುಖ್ಯವಲ್ಲ. ಗಡಿಯ ಊರುಗಳವರು ಇಂಡಿ, ಆಳಂದ ಅಥವಾ ಅಫಜಲಪುರದಲ್ಲಿ ಕೊಂಡ ಕರ್ನಾಟಕದ ಸಿಮ್ಮಿನಿಂದಲೂ ಅಕ್ಕಲಕೋಟದ ಶಾಲೆಯ ಗುಂಪಿಗೆ ಸೇರಬಹುದು. ದೇಶದ ಸಂಕೇತ 91 ಎರಡಕ್ಕೂ ಒಂದೇ.

ವಾಟ್ಸ್‌ಆ್ಯಪ್‌ನ ನಿಯಮದಂತೆ ಖಾತೆ ತೆರೆಯುವವರಿಗೆ ಕನಿಷ್ಠ 13 ವರ್ಷ ತುಂಬಿರಬೇಕು. ಆದ್ದರಿಂದ ಪ್ರಾಥಮಿಕ ಶಾಲೆಯ ಮಕ್ಕಳ ವಿಷಯದಲ್ಲಿ ಗುಂಪಿಗೆ ತಾಯಿ ಅಥವಾ ತಂದೆಯ ಸಂಖ್ಯೆಯನ್ನೇ ಕೊಡಬೇಕು. ಕೆಲಸಕ್ಕಾಗಿ ಪುಣೆ, ಮುಂಬೈಗಳಲ್ಲಿರುವ ತಂದೆಯ ಸಂಖ್ಯೆಯೊಂದನ್ನೇ ಶಾಲೆಗೆ ಕೊಟ್ಟರೆ ಸೂಚನೆ ಅಲ್ಲಿಯೇ ನಿಲ್ಲುತ್ತದೆ. ಮಗುವಿನೊಡನೆ ಮನೆಯಲ್ಲಿರುವವರ ಸಂಖ್ಯೆಯನ್ನೂ ಸೇರಿಸುವಂತೆ ಗುರುಗಳನ್ನು ಕೇಳಿಕೊಳ್ಳಿರಿ.

ಸೇರುವ ಕ್ರಮ

1. ಆಂಡ್ರಾಯ್ಡ್ ಫೋನ್ ಆಗಿದ್ದರೆ ಪ್ಲೇ ಸ್ಟೋರ್‌ನಿಂದ ಮಾತ್ರ ವಾಟ್ಸ್‌ಆ್ಯಪ್ ಇಳಿಸಿಕೊಳ್ಳಿರಿ. ಬೇರೆಯವರು ಕಳಿಸಿದ ಕಡತದಿಂದ ಅದನ್ನು ಹಾಕಿಕೊಳ್ಳಬಾರದು.

2. ನಿಮ್ಮ ಸಂಖ್ಯೆಯನ್ನು ತುಂಬಿದಾಗ ಆರು ಅಂಕಿಗಳ ಒಂದು ಸಂಕೇತ ಬರುತ್ತದೆ. ಅದನ್ನು ನಿಮ್ಮ ಫೋನಿನಲ್ಲಿ ತುಂಬಿರಿ. ಈ ಸಂಕೇತವನ್ನು ಗುರುಗಳೂ ಸೇರಿದಂತೆ ಯಾರೂ ಕೇಳುವ ಕಾರಣವಿಲ್ಲ. ಯಾರು ಕೇಳಿದರೂ ಹೇಳಬೇಡಿರಿ.

3. ಹೆಸರಿನ ಜಾಗದಲ್ಲಿ ಗುರುಗಳಿಗೆ ಗುರುತು ಹತ್ತುವಂತೆ ಬರೆಯಿರಿ. ಹೂವಿನ ಚಿತ್ರ, ದೇವರ ನಾಮ ಮಾತ್ರ ಇದ್ದರೆ ಯಾವ ಮಗುವಿನ ಪಾಲಕರೆಂದು ತಿಳಿಯುವುದಿಲ್ಲ.

4. ತರಗತಿಯ ಗುರುಗಳ ಸಂಖ್ಯೆಯನ್ನು ಫೋನಿನಲ್ಲಿ ಉಳಿಸಿಕೊಳ್ಳಿರಿ. ಇದನ್ನು ಬಿಡಬಾರದು. ಗುಂಪಿಗೆ ಯಾರು ಸೇರಿಸಬಹುದೆಂಬುದನ್ನು ನೀವು ಪರಿಚಿತರಿಗೆ ಮಾತ್ರ ಬಿಟ್ಟುಕೊಟ್ಟಿದ್ದು, ಗುರುಗಳ ಸಂಖ್ಯೆ ನಿಮ್ಮಲ್ಲಿ ಇಲ್ಲದಿದ್ದರೆ ಅವರು ನೇರವಾಗಿ ಸೇರಿಸಲಾರರು. ಆಗ ನಿಮಗೆ ಒಂದು ಆಹ್ವಾನ ಬರುತ್ತದೆ. ಮೂರು ದಿನದೊಳಗೆ ಒಪ್ಪದಿದ್ದರೆ ಅದು ರದ್ದಾಗುತ್ತದೆ.

5. ಲಿಂಕ್ ಅಥವಾ ಕ್ಯೂಆರ್ ಕೋಡ್ ಮೂಲಕ ಸೇರುವುದಾದರೆ, ತೆರೆದೊಡನೆ ಗುಂಪಿನ ಹೆಸರು ಕಾಣುತ್ತದೆ. ಶಾಲೆ, ಇಯತ್ತೆ, ವರ್ಷ ಸರಿಯಾಗಿವೆಯೇ ಎಂದು ನೋಡಿ ಆಮೇಲೆ ಸೇರಿರಿ. ‘ವಿನಂತಿ ಕಳಿಸಲಾಗಿದೆ’ ಎಂಬರ್ಥದ ಮಾತು ಬಂದರೆ ಅಡ್ಮಿನ್ ಒಪ್ಪುವವರೆಗೆ ಕಾಯಬೇಕು.

6. ಸೇರಿದ ಮೇಲೆ ಒಂದೇ ಸಾಲಿನಲ್ಲಿ ಮಗುವಿನ ಹೆಸರನ್ನೂ ನಿಮ್ಮ ಸಂಬಂಧವನ್ನೂ ಗುರುಗಳಿಗೆ ತಿಳಿಸಿರಿ. ಎಲ್ಲರ ಮುಂದೆ ಬೇಡವೆನಿಸಿದರೆ ಅವರಿಗೊಬ್ಬರಿಗೇ ಕಳಿಸಬಹುದು.

ಸೇರುವುದಕ್ಕೆ ಮೊದಲು ಬಂದ ಸೂಚನೆಗಳು ಹೊಸ ಸದಸ್ಯರಿಗೆ ಸಾಮಾನ್ಯವಾಗಿ ಕಾಣುವುದಿಲ್ಲ. ಆದುದರಿಂದ ಜೂನ್‌ನಲ್ಲಿ ಶಾಲೆ ಆರಂಭವಾದ ವಾರದಲ್ಲಿಯೇ ಸೇರುವುದು ಒಳ್ಳೆಯದು. ತಡವಾಗಿ ಸೇರಿದವರು ಹಿಂದಿನ ಸೂಚನೆಗಳನ್ನು ಕೇಳಿ ಪಡೆಯಬೇಕು.

ಕನ್ನಡದಲ್ಲಿ ಬಳಸುವುದು

ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಆ್ಯಪ್ ಲ್ಯಾಂಗ್ವೇಜ್ ಎಂಬಲ್ಲಿ ಕನ್ನಡವನ್ನು ಆರಿಸಿದರೆ ಸೂಚಿಗಳೆಲ್ಲ ಕನ್ನಡದಲ್ಲಿ ಬರುತ್ತವೆ. ಬರೆಯಲು ಜಿಬೋರ್ಡ್ ಕೀಲಿಮಣೆಗೆ ಕನ್ನಡವನ್ನು ಸೇರಿಸಿಕೊಳ್ಳಿರಿ. ಅದರಲ್ಲಿ ಕನ್ನಡ ಅಕ್ಷರಗಳನ್ನೇ ಒತ್ತಬಹುದು, ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರವನ್ನು ಬರೆದು ಕನ್ನಡಕ್ಕೆ ತಿರುಗಿಸಬಹುದು, ಮೈಕ್ ಒತ್ತಿ ಮಾತಾಡಿಯೂ ಬರೆಸಬಹುದು. ಓದು ಬರಹ ಬಾರದ ಅಜ್ಜಿಯೂ ಚಾಟ್‌ನೊಳಗಿನ ಮೈಕ್ ಗುರುತನ್ನು ಒತ್ತಿಹಿಡಿದು ತನ್ನ ಮಾತನ್ನೇ ಧ್ವನಿಯಾಗಿ ಕಳಿಸಬಹುದು. ಗುರುಗಳು ಮಹತ್ವದ ಸೂಚನೆಯನ್ನು ಬರೆಹದ ಜೊತೆಗೆ ಧ್ವನಿಯಲ್ಲಿಯೂ ಕಳಿಸಿದರೆ ಅಂಥ ಮನೆಗಳಿಗೆ ಬಹಳ ಉಪಕಾರ.

ಶಾಲೆಯ ಕಂಪ್ಯೂಟರಿನಲ್ಲಿ ಹಳೆಯ ನುಡಿ ಅಥವಾ ಬರಹ ಅಕ್ಷರಗಳಲ್ಲಿ ಸಿದ್ಧಪಡಿಸಿದ ಸೂಚನೆಯನ್ನು ಹಾಗೆಯೇ ಅಂಟಿಸಿದರೆ ಮೊಬೈಲ್‌ನಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಇದು ಪಾಲಕರ ಫೋನಿನ ದೋಷವಲ್ಲ. ಬರೆಹವನ್ನು ಯೂನಿಕೋಡ್‌ಗೆ ಬದಲಿಸಿ ಅಥವಾ ಪಿಡಿಎಫ್ ಮಾಡಿ ಕಳಿಸುವುದು ಇದಕ್ಕೆ ಪರಿಹಾರ.

ಮರಾಠಿ ಸೂಚನೆಗಳನ್ನು ಓದುವಾಗ

ಶಿಕ್ಷಣ ಇಲಾಖೆಯ ಪರಿಪತ್ರಕಗಳು ಮರಾಠಿಯಲ್ಲಿ ಬರುತ್ತವೆ. ಅನೇಕ ಗುಂಪುಗಳಲ್ಲಿ ಅವು ಹಾಗೆಯೇ ಮುಂದೆ ಸಾಗುತ್ತವೆ. ನಮ್ಮ ಭಾಗದವರಿಗೆ ಮಾತಿನ ಮರಾಠಿ ತಿಳಿದರೂ ಕಚೇರಿಯ ಮರಾಠಿ ತೊಡಕಾಗುತ್ತದೆ. ಪದ ಒಂದೇ ಇದ್ದು ಅರ್ಥ ಬೇರೆ ಇರುವ ಕಡೆ ತಪ್ಪು ಹೆಚ್ಚು. ಮುಖ್ಯವಾದ ಕೆಲವು ಪದಗಳು ಇವು:

ಉತ್ಪನ್ನ: ಕನ್ನಡದಲ್ಲಿ ತಯಾರಾದ ವಸ್ತು, ಮರಾಠಿ ಸೂಚನೆಯಲ್ಲಿ ಆದಾಯ. ‘ಉತ್ಪನ್ನಾಚಾ ದಾಖಲಾ’ ಎಂದರೆ ಆದಾಯ ಪ್ರಮಾಣಪತ್ರ.

ದಾಖಲಾ: ಪ್ರಮಾಣಪತ್ರ. ‘ಶಾಳಾ ಸೋಡಲ್ಯಾಚಾ ದಾಖಲಾ’ ಎಂದರೆ ಶಾಲೆ ಬಿಟ್ಟ ಪ್ರಮಾಣಪತ್ರ.

ಶಿಷ್ಯವೃತ್ತಿ: ವಿದ್ಯಾರ್ಥಿವೇತನ.

ಮುದತ: ಗಡುವು. ‘ಮುದತವಾಢ’ ಎಂದರೆ ಗಡುವಿನ ವಿಸ್ತರಣೆ.

ಶಿಕ್ಷಾ: ಶಿಕ್ಷಣವಲ್ಲ, ದಂಡನೆ.

ವೇಳಾಪತ್ರಕ: ವೇಳಾಪಟ್ಟಿ. ಗುಣಪತ್ರಿಕಾ: ಅಂಕಪಟ್ಟಿ.

ಸೂಚನೆಯ ಚಿತ್ರವನ್ನು ಗೂಗಲ್ ಲೆನ್ಸ್‌ನಲ್ಲಿ ತೆರೆದು ಕನ್ನಡಕ್ಕೆ ಅನುವಾದಿಸಿಕೊಳ್ಳಬಹುದು. ಸಾರಾಂಶ ತಿಳಿಯಲು ಅದು ಸಾಕು. ಆದರೆ ದಿನಾಂಕ, ಮೊತ್ತ, ಬೇಕಾದ ಕಾಗದಪತ್ರಗಳನ್ನು ಗುರುಗಳಿಂದ ಖಚಿತಪಡಿಸಿಕೊಳ್ಳದೆ ನಂಬಬಾರದು. ಪ್ರತಿ ಪರಿಪತ್ರಕದ ಕೆಳಗೆ ‘ಯಾರಿಗೆ, ಏನು, ಯಾವ ದಿನದೊಳಗೆ’ ಎಂಬ ಮೂರು ಸಂಗತಿಗಳನ್ನು ಕನ್ನಡದಲ್ಲಿ ಬರೆಯುವಂತೆ ಪಾಲಕರು ಶಾಲೆಯನ್ನು ಕೇಳುವುದು ಯೋಗ್ಯ. ಮಗುವನ್ನು ಕನ್ನಡ ಮಾಧ್ಯಮಕ್ಕೆ ಸೇರಿಸಿದ ಮನೆಗೆ ಮಗುವಿನ ಸುದ್ದಿಯೂ ಕನ್ನಡದಲ್ಲಿ ಬರಲೆಂಬುದು ಸಹಜವಾದ ಅಪೇಕ್ಷೆ.

ಪಠ್ಯಪುಸ್ತಕಗಳ ಪಿಡಿಎಫ್‌ಗಳಿಗಾಗಿ ಗುಂಪಿನಲ್ಲಿ ಅಲೆಯಬೇಕಾಗಿಲ್ಲ. 1967ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಬಾಲಭಾರತಿ ಸಂಸ್ಥೆ ಕನ್ನಡ ಮಾಧ್ಯಮದ ಪುಸ್ತಕಗಳನ್ನೂ ಪ್ರಕಟಿಸುತ್ತದೆ. ಇ-ಬಾಲಭಾರತಿ ಜಾಲತಾಣದಿಂದ ಅವನ್ನು ಉಚಿತವಾಗಿ ಇಳಿಸಿಕೊಳ್ಳಬಹುದು.

ಸಂಖ್ಯೆಯ ಸುರಕ್ಷತೆ

ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಿಮ್ಮ ಸಂಖ್ಯೆ ಸಾಮಾನ್ಯವಾಗಿ ಎಲ್ಲ ಸದಸ್ಯರಿಗೂ ಕಾಣುತ್ತದೆ. ಇದೇ ಕಾರಣದಿಂದ ಅನೇಕ ತಾಯಂದಿರು ಸೇರಲು ಹಿಂಜರಿಯುತ್ತಾರೆ. ಆ ಹಿಂಜರಿಕೆ ಅಕಾರಣವಲ್ಲ. ಸೆಟ್ಟಿಂಗ್ಸ್‌ನ ಪ್ರೈವೆಸಿ ವಿಭಾಗದಲ್ಲಿ ಪ್ರೊಫೈಲ್ ಚಿತ್ರ ಮತ್ತು ಸ್ಟೇಟಸ್ ಪರಿಚಿತರಿಗೆ ಮಾತ್ರ ಕಾಣುವಂತೆ ಮಾಡಿಕೊಳ್ಳಿರಿ. ಅಲ್ಲಿಯೇ ಗ್ರೂಪ್ಸ್ ಎಂಬಲ್ಲಿ ನಿಮ್ಮನ್ನು ಗುಂಪಿಗೆ ಸೇರಿಸುವ ಅಧಿಕಾರವನ್ನೂ ಪರಿಚಿತರಿಗೆ ಮಾತ್ರ ಕೊಡಿರಿ. ಶಾಲೆಯ ಗುಂಪಿನಿಂದ ಸಂಖ್ಯೆ ಪಡೆದು ಯಾರಾದರೂ ಬೇಡದ ಸಂದೇಶ ಕಳಿಸಿದರೆ ಅವರನ್ನು ಬ್ಲಾಕ್ ಮಾಡಿ, ಸಂದೇಶದ ಚಿತ್ರವನ್ನು ಉಳಿಸಿಕೊಂಡು ಮುಖ್ಯಾಧ್ಯಾಪಕರಿಗೆ ತಿಳಿಸಿರಿ.

ಖಾತೆಗೆ ಎರಡು ಹಂತದ ಪರಿಶೀಲನೆಯನ್ನು ಹಾಕಿ ಆರು ಅಂಕಿಗಳ ಪಿನ್ ಇಟ್ಟುಕೊಳ್ಳಿರಿ. ಮದುವೆಯ ಕರೆಯೋಲೆ, ಸಂಚಾರ ದಂಡದ ಚಲನ್ ಅಥವಾ ಸರ್ಕಾರಿ ಯೋಜನೆಯ ಹೆಸರಿನಲ್ಲಿ ‘ಎಪಿಕೆ’ ಕಡತ ಬಂದರೆ ತೆರೆಯಬೇಡಿರಿ. ಪರಿಚಿತರಿಂದ ಬಂದಿದ್ದರೂ ಅವರ ಖಾತೆ ವಂಚಕರ ಕೈಸೇರಿರಬಹುದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿರಿ. ಇದು ಸೈಬರ್ ಹಣಕಾಸು ವಂಚನೆಯ ರಾಷ್ಟ್ರೀಯ ಸಹಾಯವಾಣಿ.

ಸಿಮ್ ಬದಲಿಸುವ ಮನೆಗಳು ಇನ್ನೊಂದು ಸಂಗತಿಯನ್ನು ನೆನಪಿಡಬೇಕು. ರೀಚಾರ್ಜ್ ಇಲ್ಲದೆ ಸಂಪರ್ಕ ಕಡಿದುಹೋದ ಸಂಖ್ಯೆಯನ್ನು 90 ದಿನಗಳ ನಂತರ ಬೇರೊಬ್ಬರಿಗೆ ಕೊಡಬಹುದು. ಹಳೆಯ ಸಂಖ್ಯೆ ಶಾಲೆಯ ಪಟ್ಟಿಯಲ್ಲೇ ಉಳಿದರೆ ನಿಮ್ಮ ಮಗುವಿನ ಸುದ್ದಿ ಅಪರಿಚಿತರಿಗೆ ಹೋಗುತ್ತದೆ. ಸೆಟ್ಟಿಂಗ್ಸ್‌ನ ಅಕೌಂಟ್ ವಿಭಾಗದಲ್ಲಿರುವ ‘ಚೇಂಜ್ ನಂಬರ್’ ಬಳಸಿದರೆ ಗುಂಪುಗಳು ಹೊಸ ಸಂಖ್ಯೆಗೆ ಸಾಗುತ್ತವೆ. ಶಾಲೆಗೂ ಪ್ರತ್ಯೇಕವಾಗಿ ತಿಳಿಸಿರಿ.

ಗುಂಪು ನಡೆಸುವವರಿಗೆ

ಸೂಚನೆಗೆ ಒಂದು, ಮಾತುಕತೆಗೆ ಒಂದು ಎಂದು ಎರಡು ಗುಂಪುಗಳಿದ್ದರೆ ಅನುಕೂಲ. ಸೂಚನೆಯ ಗುಂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಸೆಟ್ಟಿಂಗ್ ಇಟ್ಟರೆ ಶುಭಾಶಯ, ಚಿತ್ರಗಳ ರಾಶಿಯಲ್ಲಿ ಅರ್ಜಿಯ ದಿನಾಂಕ ಮುಳುಗುವುದಿಲ್ಲ. ಕನಿಷ್ಠ ಇಬ್ಬರು ಅಡ್ಮಿನ್‌ಗಳಿರಲಿ. ಒಬ್ಬ ಗುರುಗಳ ವರ್ಗಾವಣೆಯಾದರೂ ಗುಂಪು ನಡೆಯುತ್ತದೆ. ಲಿಂಕ್ ಊರೆಲ್ಲ ಹರಡಿದ್ದರೆ ಅದನ್ನು ರೀಸೆಟ್ ಮಾಡಿ, ಹೊಸಬರಿಗೆ ಅನುಮತಿ ಬೇಕೆಂಬ ಸೆಟ್ಟಿಂಗ್ ಹಾಕಿರಿ. ಮಕ್ಕಳ ಆಧಾರ್, ಜಾತಿ ಪ್ರಮಾಣಪತ್ರ, ಬ್ಯಾಂಕ್ ಪುಸ್ತಕಗಳ ಪ್ರತಿಗಳನ್ನು ಗುಂಪಿನಲ್ಲಿ ಕೇಳಬಾರದು. ಕೈಗೆ ಕೈ ಪಡೆಯಬೇಕು.

ಗಡಿಯ ವಿಷಯದ ವದಂತಿಗಳನ್ನು ಶಾಲೆಯ ಗುಂಪಿನಿಂದ ದೂರವಿಡಬೇಕು. 2022ರ ನವೆಂಬರ್, ಡಿಸೆಂಬರ್‌ನಲ್ಲಿ ವಿವಾದ ಮತ್ತೆ ಬಿಸಿಯಾಗಿ ಎರಡು ರಾಜ್ಯಗಳ ನಡುವಿನ ಬಸ್ ಸಂಚಾರಕ್ಕೆ ಅಡ್ಡಿಯಾದುದು ನೆನಪಿನಲ್ಲಿದೆ. ಅಂಥ ದಿನಗಳಲ್ಲಿ ಶಾಲೆ ಇದೆಯೇ, ಬಸ್ ಇದೆಯೇ ಎಂಬುದನ್ನು ಮುಖ್ಯಾಧ್ಯಾಪಕರ ಮಾತಿನಿಂದಲೇ ತಿಳಿಯಬೇಕು. ಎರಡು ಬಾಣಗಳ ಗುರುತುಳ್ಳ ಸಂದೇಶ ಹಲವು ಕೈ ದಾಟಿ ಬಂದದ್ದು. ಬರೆದವರು ಯಾರೆಂದು ತಿಳಿಯದೆ ಅದನ್ನು ಮುಂದೆ ಕಳಿಸಬಾರದು.

ಗುಂಪಿನ ಹೊರಗಿರುವ ಮನೆಗಳು

ಕೀಪ್ಯಾಡ್ ಫೋನ್ ಮಾತ್ರ ಇರುವ, ಅಥವಾ ಇರುವ ಒಂದೇ ಫೋನು ದುಡಿಯಲು ಹೋದವರ ಕಿಸೆಯಲ್ಲಿರುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಗುಂಪಿನಲ್ಲಿ ಸೂಚನೆ ಹಾಕಿದ ಮಾತ್ರಕ್ಕೆ ಎಲ್ಲರಿಗೂ ತಿಳಿಸಿದಂತೆ ಆಗುವುದಿಲ್ಲ. ಗುಂಪಿನಲ್ಲಿ ಇಲ್ಲದ ಮಕ್ಕಳ ಪಟ್ಟಿಯೊಂದು ಪ್ರತಿ ತರಗತಿಯಲ್ಲಿ ಇರಬೇಕು. ಗಡುವಿರುವ ಸೂಚನೆಯನ್ನು ಫಲಕದಲ್ಲಿಯೂ ಮಗುವಿನ ವಹಿಯಲ್ಲಿಯೂ ಬರೆಸಬೇಕು. ಅದೇ ಓಣಿಯ ಒಬ್ಬ ಪಾಲಕರು ಅಂಥ ಎರಡು ಮೂರು ಮನೆಗಳಿಗೆ ಸುದ್ದಿ ಮುಟ್ಟಿಸುವ ಹೊಣೆ ಹೊತ್ತರೆ ಇನ್ನೂ ಒಳ್ಳೆಯದು. ನೀವು ಗುಂಪಿಗೆ ಸೇರಿದ ದಿನವೇ, ನಿಮ್ಮ ಓಣಿಯಲ್ಲಿ ಸೇರದೆ ಉಳಿದವರು ಯಾರೆಂದು ಗುರುಗಳನ್ನು ಕೇಳಿರಿ.